ಅಕ್ಷರದ ಕೆಳಗೊಂದು ಚುಕ್ಕಿ

ಟೆಕ್ಸಾಸಿಗೆ ಹೋಗಿ ಬಂದೆ ಎಂದ ಕೂಡಲೇ ಮೈಸೂರಿನ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ಮಗನ ಮನೆಗೋ, ಮಗಳ ಮನೆಗೋ? ಎದುರು ಮನೆಯ ವನಜಾಕ್ಷಮ್ಮನವರು ಒಂದು ಹೆಜ್ಜೆ ಮುಂದೆ ಹೋಗಿ, ಬಾಣಂತನ ಸುಸೂತ್ರವಾಗಿ ಆಯಿತೇ ಎಂದೂ ವಿಚಾರಿಸಿದರು. ನನಗೆ ಮದುವೆಯೇ ಆಗಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ನನ್ನ ವಯಸ್ಸಿನ ಹೆಂಗಸು ಅಮೆರಿಕಕ್ಕೆ ಹೋಗಲು ಬೇರೆ ಕಾರಣವಿರಬಹುದು ಎಂದು ಅವರಿಗೆ ಹೊಳೆಯುವುದಿಲ್ಲ. ನಾನು ಹೋದದ್ದು ಗೆಳತಿಯ ಮನೆಗೆ.

ಗೆಳತಿಯ ಹೆಸರು ಶಕುಂತಲಾ, ನನ್ನ ಬಾಯಲ್ಲಿ ಶಕ್ಕು. ಇಳಕಲ್ಲಿನ ನೇಕಾರರ ಮನೆಯ ಮಗಳು. ಧಾರವಾಡದಲ್ಲಿ ಎಂ.ಎ. ಓದುವಾಗ ನಾವಿಬ್ಬರೂ ಹಾಸ್ಟೆಲ್ಲಿನ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ನಾನು ತಾಳೆಗರಿಯ ದಾರಿ ಹಿಡಿದೆ; ಹಳೆಯ ಗರಿಗಳ ಧೂಳು ಒರೆಸಿ, ಎಣ್ಣೆ ಸವರಿ, ಹುಳ ತಿಂದದ್ದು ಯಾವುದು, ಕಂಟವೆಂಬ ಉಕ್ಕಿನ ಮೊನೆಯಿಂದ ಕೊರೆದ ಅಕ್ಷರ ಯಾವುದು ಎಂದು ಬೇರ್ಪಡಿಸುವುದರಲ್ಲೇ ನಿವೃತ್ತಳಾದೆ. ಅವಳು ಪಪೈರಸ್ಸಿನ ದಾರಿ ಹಿಡಿದಳು. ನೈಲ್ ನದಿಯ ಜೊಂಡನ್ನು ಸೀಳಿ ಮಾಡುತ್ತಿದ್ದ ಹಾಳೆಗೆ ಪಪೈರಸ್ ಎಂದು ಹೆಸರು. ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟಿನ ಜನ ಅದರ ಮೇಲೆ ಬರೆದು ತಿಪ್ಪೆಗೆ ಎಸೆದದ್ದನ್ನು ಮರಳಿನಿಂದ ಹೆಕ್ಕಿ ಓದುವುದೇ ಅವಳ ಕಸುಬು. ನಮ್ಮಿಬ್ಬರ ಕೆಲಸವೂ ಹರಿದದ್ದರ ಜೊತೆಗೇ ಎಂದು ಕಾಗದದಲ್ಲಿ ತಮಾಷೆ ಮಾಡಿಕೊಳ್ಳುತ್ತಿದ್ದೆವು.

ಈ ಸಲ ಅವಳ ಕೊನೆಯ ಪುಸ್ತಕ ಅಚ್ಚಿಗೆ ಹೋಗುವುದರಲ್ಲಿತ್ತು. "ದಸರಾಕ್ಕ ಬಾ. ಆಮ್ಯಾಲ ನಾನೂ ಬಿಡುವಾಗ್ತೀನಿ," ಎಂದು ಕರೆದಳು. ಮೈಸೂರಿನವಳು ದಸರಾ ಬಿಟ್ಟು ಟೆಕ್ಸಾಸಿಗೆ ಹೋಗುವುದೆಂದರೇನು ಎಂದು ಸ್ವಲ್ಪ ಬಿಂಕ ತೋರಿಸಿ, ಹೊರಟೆ.

ಡಲ್ಲಾಸ್

ವಿಮಾನ ನಿಲ್ದಾಣದಲ್ಲಿ ಶಕ್ಕು ನನ್ನನ್ನು ದಾಟಿಕೊಂಡೇ ಹೋದಳು. ನಾನು ಕುಂಕುಮ ಬಣ್ಣದ ಶಾಲು ಹೊದ್ದು ಕಂಬದ ಪಕ್ಕ ನಿಂತಿದ್ದೆ. ಅವಳು ನೇರ ನನ್ನ ಮುಖ ನೋಡಿದಳು, ಮುಂದೆ ಹೋದಳು. "ಏನೇ ಶಕ್ಕು, ಇಷ್ಟು ಬೇಗ ಮರೆತ್ಯಾ?" ಎಂದು ಕೂಗಿದ ಮೇಲೆ ತಿರುಗಿದಳು.

"ಎಷ್ಟ ಸೊರಗೀ ಪದ್ದಿ. ಗುರ್ತಾನ ಸಿಗಲಿಲ್ಲ," ಎಂದಳು.

ನಾನು ಸೊರಗಿಲ್ಲ. ನಿವೃತ್ತಿಯ ನಂತರ ನನ್ನ ರವಿಕೆಗಳೆಲ್ಲ ಬಿಗಿಯಾಗಿವೆ. ಆದರೂ ಸೊರಗಿದ್ದೀ ಎಂದವರ ಮೇಲೆ ಯಾರು ಜಗಳ ಕಾಯುತ್ತಾರೆ?

ಅವಳಿರುವುದು ಆಸ್ಟಿನ್ನಿನಲ್ಲಿ. ಡಲ್ಲಾಸಿನಲ್ಲಿ ಏನೋ ಕೆಲಸವಿತ್ತೆಂದು ಹಿಂದಿನ ದಿನವೇ ಬಂದು ಇಳಿದಿದ್ದಳು. ಏನು ಕೆಲಸವೆಂದು ಕೇಳಿದೆ. "ಇರ್ತಾವಲ್ಲ ಏನಾರ," ಎಂದು ತೇಲಿಸಿದಳು.

ಡಲ್ಲಾಸಿನ ಜನ ಬಹಳ ಮರ್ಯಾದಸ್ಥರು. ಅವರ ಮರ್ಯಾದೆಯಿಂದ ನನಗೆ ಮಂಡಿನೋವು ಹೆಚ್ಚಾಯಿತು. ಹೋಟೆಲಿನ ಬಾಗಿಲ ಬಳಿ ಹೋದ ಗಂಡಸು, ನಾನು ಇನ್ನೂ ಕಾರು ನಿಲ್ಲಿಸುವ ಜಾಗದ ಆ ತುದಿಯಲ್ಲಿರುವಾಗಲೇ ನನಗಾಗಿ ಬಾಗಿಲು ಹಿಡಿದುಕೊಂಡು ನಗುತ್ತಾ ನಿಲ್ಲುತ್ತಾನೆ. ಅವನನ್ನು ಕಾಯಿಸಬಾರದಲ್ಲ ಎಂದು ನಾನು ಸೆರಗು ಸಿಕ್ಕಿಸಿಕೊಂಡು ಓಡಬೇಕು. ಒಳಗೆ ಹೋದರೆ ಹೇಗಿದ್ದೀರಿ ಎಂದು ಕೇಳುತ್ತಾರೆ, ಉತ್ತರ ಶುರುಮಾಡುವಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ನಮ್ಮಲ್ಲಿ ಬಾಗಿಲು ಮುಖಕ್ಕೆ ಬಡಿಯುತ್ತದೆ ನಿಜ, ಆದರೆ ಹೇಗಿದ್ದೀರಿ ಎಂದು ಕೇಳಿದವರು ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ.

ಊಟಕ್ಕೆ ಶಕ್ಕು ತನಗೆ ಪರಿಚಯದ ಜಾಗಕ್ಕೆ ಕರೆದುಕೊಂಡು ಹೋದಳು. ಬಡಿಸುವಾಕೆ ನಮ್ಮಿಬ್ಬರನ್ನೂ 'ಹನಿ', ಅಂದರೆ ಜೇನು, ಎಂದು ಕರೆದು, ಐಸು ತುಂಬಿದ ನೀರಿನ ದೊಡ್ಡ ಲೋಟಗಳನ್ನು ಇಟ್ಟಳು. ಶಕ್ಕು ಮೆನು ತೆಗೆದು ನೋಡಲೇ ಇಲ್ಲ. "ಮೂರನೇದು ಕಾಳಿನ ಪಲ್ಯ. ನಮ್ಮ ಮಡಕಿ ಕಾಳ ಪಲ್ಯದಂಗನ ಇರ್ತದ," ಎಂದು ನನಗೆ ಹೇಳಿ, ಮೂರನೆಯದು ಎರಡು ಎಂದು ಆರ್ಡರ್ ಮಾಡಿದಳು. ಬಂದದ್ದು ಹೊಗೆಯಾಡುವ ದನದ ಮಾಂಸದ ಎರಡು ತಟ್ಟೆ. ಮೆನು ಬದಲಾಗಿತ್ತಂತೆ. ಮೆಸ್ಕೀಟ್ ಕಟ್ಟಿಗೆಯಲ್ಲಿ ಇಡೀ ದಿನ ಬೇಯಿಸಿದ್ದು ಎಂದು ಆಕೆ ಹೆಮ್ಮೆಯಿಂದ ಹೇಳಿದಳು. ಮೆಸ್ಕೀಟ್ ಎಂದರೆ ನಮ್ಮ ಬಳ್ಳಾರಿ ಜಾಲಿಯ ಒಡಹುಟ್ಟು. ನಾವು ಬ್ರೆಡ್ಡು, ಹಸಿ ಕೋಸಿನ ಕೋಸಂಬರಿ ತಿಂದು, ಬಳ್ಳಾರಿ ಜಾಲಿಯ ಹೊಗೆ ಕುಡಿದು ಎದ್ದೆವು. ಒಂದು ಸಲ ಓದಬಾರದಿತ್ತೇ ಎಂದು ನಾನು ಗೊಣಗಿದೆ. ಅವಳು ನಗಲಿಲ್ಲ.

ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ

ಇಲ್ಲಿನ ರಸ್ತೆಯಲ್ಲಿ ಕೂತರೆ ಊರು ಹಿಂದಕ್ಕೆ ಹೋಗುವುದಿಲ್ಲ, ಆಕಾಶ ಮಾತ್ರ ಹೋಗುತ್ತದೆ. ದಾರಿಯಲ್ಲಿ ಎಮ್ಮೆಯಿಲ್ಲ, ಎಳನೀರಿನವನಿಲ್ಲ, ರಸ್ತೆಗೆ ರಾಗಿ ಹರವಿದವರಿಲ್ಲ. ಮಾತಾಡದೆ ಕೂತರೆ ನಿದ್ದೆ ಬರುತ್ತದೆ. ಹಾಗಾಗಿ ಶಕ್ಕುವಿನ ಬಾಯಿಂದ ಅವಳ ಕಥೆಯನ್ನು ಮತ್ತೊಮ್ಮೆ ಹೇಳಿಸಿದೆ.

ಹೊರದೇಶಕ್ಕೆ ಓದಲು ಹೋದ ಹೊಸತರಲ್ಲಿ ಅವಳ ಗ್ರೀಕ್ ಬಹಳ ಕಚ್ಚಾ ಇತ್ತಂತೆ. ಈಜಿಪ್ಟಿನಲ್ಲಿ ಆ ಕಾಲದಲ್ಲಿ ಕರಾರು, ದೂರು, ಕಾಗದಪತ್ರವೆಲ್ಲ ಹೆಚ್ಚಾಗಿ ಗ್ರೀಕಿನಲ್ಲೇ. ಜೊತೆಯವರೆಲ್ಲ ಶಾಲೆಯಿಂದ ಗ್ರೀಕ್ ಓದಿ ಬಂದವರು. ಇವಳಿಗೆ ದಕ್ಕಿದ್ದು ಹಾಳೆಯೇ. ಜೊಂಡಿನ ಸೀಳುಗಳನ್ನು ಉದ್ದಕ್ಕೆ ಒಂದು ಪದರ, ಅಡ್ಡಕ್ಕೆ ಇನ್ನೊಂದು ಪದರ ಇಟ್ಟು ಬಡಿದರೆ ಹಾಳೆಯಾಗುತ್ತದೆ. ಅಂದರೆ ಹಾಸು ಮತ್ತು ಹೊಕ್ಕು. ಮಗ್ಗದ ಮನೆಯಲ್ಲಿ ಬೆಳೆದವಳಿಗೆ ಅದನ್ನು ಯಾರೂ ಕಲಿಸಬೇಕಿರಲಿಲ್ಲ. ಹರಿದ ಎರಡು ಚೂರು ಒಂದೇ ಹಾಳೆಯವೇ ಎಂದು ತಿಳಿಯಲು ಉಳಿದವರು ಅಕ್ಷರ ಹೊಂದಿಸಿ ನೋಡುತ್ತಿದ್ದರೆ, ಇವಳು ನಾರಿನ ಎಳೆ ಹಿಡಿದು ಹೋಗುತ್ತಿದ್ದಳು. "ಅಕ್ಷರ ಸುಳ್ಳ ಹೇಳ್ತಾವ, ಎಳಿ ಹೇಳಂಗಿಲ್ಲ," ಎಂಬುದು ಅವಳ ಮಾತು.

ಈಜಿಪ್ಟಿನ ಉತ್ಖನನಗಳ ಕಥೆ ಬೇರೆ. ಬೆಳಿಗ್ಗೆ ಮರಳು ಜರಡಿ ಹಿಡಿಯುವುದು, ಮಧ್ಯಾಹ್ನ ಗಾಳಿ ಎದ್ದರೆ ಗುಡಾರದಲ್ಲಿ ಮುಖ ಮುಚ್ಚಿಕೊಂಡು ಕೂರುವುದು. ಕೂಲಿಯವರು ಇವಳನ್ನು ಕಂಡರೆ ಸಾಕು ಹಿಂದಿ ಸಿನಿಮಾದ ಹಾಡು ಹೇಳುತ್ತಿದ್ದರಂತೆ. ತನಗೆ ಹಿಂದಿ ಬರುವುದಿಲ್ಲ ಎಂದರೆ ನಂಬುತ್ತಿರಲಿಲ್ಲ. ಅಡಿಗೆಯಾಕೆ ಬಿಸಿಲಿಗಿಟ್ಟು ಉಬ್ಬಿಸುವ ರೊಟ್ಟಿ ಕಲಿಸಿದಳು, ಇವಳು ಅಲ್ಲಿಯ ಜೋಳದಲ್ಲಿ ರೊಟ್ಟಿ ಬಡಿದು ತೋರಿಸಿದಳು. ಬಡಿಯುವ ಸದ್ದಿಗೆ ಅಕ್ಕಪಕ್ಕದ ಹೆಂಗಸರೆಲ್ಲ ಬಂದು ನಿಂತರಂತೆ.

"ಓದೋದು ಹೆಂಗಂತ ನಮಗ ಕಲಿಸಿದ್ದು ಒಂದ ಮಾತು," ಎಂದಳು. "ಕಂಡಷ್ಟ ಓದು. ಅನುಮಾನ ಇದ್ರ ಅಕ್ಷರದ ಕೆಳಗ ಚುಕ್ಕಿ ಇಡು. ಹರಿದ ಹೋಗಿದ್ರ ಕಂಸ ಹಾಕಿ ಖಾಲಿ ಬಿಡು. ಏನಿರಬೇಕು ಅಂತ ಗೊತ್ತಿದ್ರೂ, ಕಂಡೇನಿ ಅಂತ ಹೇಳಬ್ಯಾಡ."

ಹೀಗೆ ಹೇಳುತ್ತಲೇ ಪ್ರತಿ ಊರು ಬರುವ ಮೊದಲೇ ಅದರ ಹೆಸರು ಹೇಳುತ್ತಿದ್ದಳು. ನನಗೆ ಹೆಮ್ಮೆಯೆನಿಸಿತು, ಎಷ್ಟು ಬಾಯಿಪಾಠ ಮಾಡಿಕೊಂಡಿದ್ದಾಳೆ ಎಂದು. ಅರ್ಧ ದಾರಿ ಕಳೆದ ಮೇಲೆ, "ಮುಂದಿನ ಬೋರ್ಡು ಹಂಟ್ಸ್‌ವಿಲ್. ಅಲ್ಲಿ ಇಳದು ಚಹಾ ಕುಡಿಯೂಣು," ಎಂದು ಬಲಕ್ಕೆ ಸರಿದಳು.

ಮುಂದಿನ ಬೋರ್ಡಿನಲ್ಲಿ ಹಂಟ್ಸ್‌ವಿಲ್ ಇರಲಿಲ್ಲ. ದಾರಿ ಮುಚ್ಚಿದೆ ಎಂದು ನನ್ನ ಎತ್ತರದ ಅಕ್ಷರಗಳಲ್ಲಿ ಬರೆದಿತ್ತು. ಅದರ ಕೆಳಗೆ ಕಿತ್ತಳೆ ಬಣ್ಣದ ಪೀಪಾಯಿಗಳ ಸಾಲು.

"ಶಕ್ಕು, ಮುಚ್ಚಿದೆ ಕಣೇ, ಮುಚ್ಚಿದೆ," ಎಂದು ಕೂಗಿದೆ. ಅವಳು ಬ್ರೇಕ್ ಒತ್ತಿದಳು. ಒಂದು ಪೀಪಾಯಿ ಉರುಳಿತು, ನಮ್ಮ ಬಲಗಡೆಯ ಕನ್ನಡಿ ಮಡಚಿಕೊಂಡಿತು. ಅಷ್ಟೇ ಆದದ್ದು. ಹಿಂದಿನ ಲಾರಿಯವನು ಹಾರ್ನ್ ಕೂಡ ಮಾಡದೆ ಪಕ್ಕಕ್ಕೆ ಸರಿದು ಹೋದ. ನಮ್ಮೂರಿನಲ್ಲಾಗಿದ್ದರೆ ಇಳಿದು ಬಂದು ನಮ್ಮ ಮನೆತನವನ್ನೇ ವಿಚಾರಿಸುತ್ತಿದ್ದ.

"ಬಿಸಿಲ ಕಣ್ಣಿಗೆ ಹೊಡೀತು," ಎಂದಳು ಶಕ್ಕು. ಅಂದು ಬೆಳಗಿನಿಂದಲೂ ಮೋಡ ಕವಿದಿತ್ತು. ಉಳಿದ ದಾರಿಯುದ್ದಕ್ಕೂ ಬೋರ್ಡುಗಳನ್ನು ನಾನೇ ಗಟ್ಟಿಯಾಗಿ ಓದಿದೆ, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ. ಅವಳು ಬೇಡವೆನ್ನಲಿಲ್ಲ.

ಸೈಪ್ರೆಸ್

ಹ್ಯೂಸ್ಟನ್ನಿನಲ್ಲಿ ನಾವಿಳಿದದ್ದು ಸೈಪ್ರೆಸ್ಸಿನ ಮಹೇಶ, ರೇಖಾ ದಂಪತಿಯ ಮನೆಯಲ್ಲಿ. ಹುಬ್ಬಳ್ಳಿಯವರು, ಪೈಪು ಮಾರುವ ವ್ಯಾಪಾರ. "ಬರ್ರಿ ಆಂಟಿ, ಕೈಕಾಲ ತೊಳಕೋರಿ, ಗಿರಮಿಟ್ ಮಾಡೀನಿ," ಎಂದು ರೇಖಾ ಬಾಗಿಲಲ್ಲೇ ಶುರುಮಾಡಿದಳು. ಚುರುಮುರಿ ಕಲಸಿದ ಆ ಗಿರಮಿಟ್ಟಿನ ತಟ್ಟೆ ಡಲ್ಲಾಸಿನ ತಟ್ಟೆಯಷ್ಟೇ ದೊಡ್ಡದಿತ್ತು.

ಮರುದಿನ ಬೆಳಿಗ್ಗೆ ವಾಕಿಂಗಿಗೆ ಹೋಗಿ ನಾನು ಕಳೆದುಹೋದೆ. ಅಲ್ಲಿ ಎಲ್ಲ ಮನೆಗಳೂ ಒಂದೇ ಇಟ್ಟಿಗೆ, ಒಂದೇ ಹುಲ್ಲು, ಒಂದೇ ಅಂಚೆಪೆಟ್ಟಿಗೆ. ಗುರುತಿಗೆ ಒಂದು ಪೆಟ್ಟಿಗೆ ಅಂಗಡಿಯಾದರೂ ಬೇಡವೇ? ನಡೆಯುತ್ತಿರುವ ಏಕೈಕ ಮನುಷ್ಯಪ್ರಾಣಿ ನಾನಾಗಿದ್ದರಿಂದ ಒಂದಾದ ಮೇಲೊಂದು ಕಾರು ನಿಂತು, ನಿಮಗೇನೂ ತೊಂದರೆಯಿಲ್ಲವಷ್ಟೆ ಎಂದು ಕೇಳಿದವು. ಕೊನೆಗೆ ಒಗ್ಗರಣೆಯ ವಾಸನೆ ಹಿಡಿದು ಮನೆ ಸೇರಿದೆ.

ಆ ಸಂಜೆ ಶಾಲೆಯೊಂದರ ಸಭಾಂಗಣದಲ್ಲಿ ಊರಿನ ಕನ್ನಡಿಗರ ದಸರಾ ಕಾರ್ಯಕ್ರಮ. ಮಕ್ಕಳ ಭರತನಾಟ್ಯದ ನಂತರ ಶಕ್ಕುವಿನ ಉಪನ್ಯಾಸ. ಅವಳು ಎಲ್ಲ ಕಡೆ ಹೇಳುವ ಕಥೆಯನ್ನೇ ಇಲ್ಲೂ ಹೇಳಿದಳು. ಅದು ಅವಳಿಗೆ ಹೆಸರು ತಂದ ಪಪೈರಸ್. ಒಬ್ಬ ನೇಕಾರ ಒಬ್ಬ ಹುಡುಗಿಯನ್ನು ಕೆಲಸ ಕಲಿಯಲು ಮನೆಗೆ ಕರೆದುಕೊಂಡ ಕರಾರು. ಹುಡುಗಿ ಯಾರ ಮಗಳೋ, ದಾಸಿಯೋ ತಿಳಿಯದು. ಊಟ ಹಾಕಬೇಕು, ಬಟ್ಟೆ ಕೊಡಬೇಕು. ಕೊನೆಯ ಸಾಲಿನಲ್ಲಿ ಹಾಳೆ ಮಡಚಿಕೊಂಡಿದೆ, ಆ ಮಡಿಕೆಯ ಅಂಚಿನಲ್ಲಿ ಒಂದು ಗೀರು ಕಾಣುತ್ತದೆ. ಆ ಗೀರನ್ನು 'ತಾಯಿ' ಎಂಬ ಪದದ ಅಕ್ಷರವೆಂದು ಹಿಡಿದು ಶಕ್ಕು ಓದಿದ್ದು: ಹಬ್ಬದ ದಿನಗಳಲ್ಲಿ ಹುಡುಗಿ ತಾಯಿಯ ಬಳಿಗೆ ಹೋಗಬಹುದು.

"ಎರಡ ಸಾವಿರ ವರ್ಷದ ಹಿಂದ ಸೈತ ಹಬ್ಬಕ್ಕ ಅವ್ವನ ಕಡೆ ಹೋಗೋದು ಇತ್ತು ನೋಡ್ರಿ," ಎಂದಾಗ ಸಭೆಯಲ್ಲಿ ಮೂಗೊರೆಸುವ ಸದ್ದು ಕೇಳಿಸಿತು. ರೇಖಾ ಅಂತೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹಬ್ಬಕ್ಕೆ ತಾಯಿಯ ಬಳಿಗೆ ಹೋಗಲಾರದವರೇ ಅಲ್ಲಿ ಕೂತಿದ್ದವರೆಲ್ಲ.

ನನಗೆ ಮಾತ್ರ ಅಳು ಬರಲಿಲ್ಲ. ಪರದೆಯ ಮೇಲಿದ್ದ ಚಿತ್ರ ಆ ಪಪೈರಸ್ಸಿನದಾಗಿರಲಿಲ್ಲ. ಅವಳು ಎಷ್ಟೋ ಸಲ ಫೋಟೋ ಕಳಿಸಿದ್ದಳು, ಎಡಗಡೆ ಇಲಿ ಕಚ್ಚಿದ ಹಾಗಿರುವ ಅದರ ಅಂಚು ನನಗೆ ಚೆನ್ನಾಗಿ ಗೊತ್ತು. ಚಿತ್ರ ತೋರಿಸುವವರು ತಪ್ಪಿ ಬೇರೊಂದನ್ನು ಹಾಕಿದ್ದರು. ಶಕ್ಕು ಅದರ ಖಾಲಿ ಮೂಲೆಯೊಂದಕ್ಕೆ ಕೆಂಪು ದೀಪ ಹಿಡಿದು, "ಇಲ್ಲೇ ನೋಡ್ರಿ, ತಾಯಿ," ಎನ್ನುತ್ತಿದ್ದಳು. ಗ್ರೀಕ್ ಬಲ್ಲವರು ಯಾರೂ ಇರಲಿಲ್ಲವಾಗಿ ಯಾರಿಗೂ ತಿಳಿಯಲಿಲ್ಲ.

ಕ್ಲಿಯರ್ ಲೇಕಿನಿಂದ ಬಂದಿದ್ದ ನಿವೃತ್ತ ಎಂಜಿನಿಯರ್ ಶ್ರೀನಿವಾಸಮೂರ್ತಿ ಎದ್ದು ನಿಂತರು. "ಮೇಡಂ, ತಪ್ಪು ತಿಳ್ಕೋಬೇಡಿ. ಮಡಿಕೆ ಒಳಗೆ ಇರೋದು ಕಾಣಲ್ಲ ಅಂತೀರಿ, ತಾಯಿ ಅಂತಲೂ ಓದ್ತೀರಿ. ಎಷ್ಟರಮಟ್ಟಿಗೆ ನಂಬಬಹುದು?"

"ಅದಕ್ಕ ಕೆಳಗ ಚುಕ್ಕಿ ಇಟ್ಟೀನಲ್ರಿ," ಎಂದಳು ಶಕ್ಕು. "ಈಗ ಆಸ್ಟಿನ್‌ದಾಗ ಮಡಿಕಿ ಬಿಡಿಸ್ಯಾರ. ಇನ್ನ ಚುಕ್ಕಿನೂ ಬೇಕಾಗಿಲ್ಲ." ಚಪ್ಪಾಳೆ ಬಿತ್ತು. ಮೂರ್ತಿಯವರು ತೃಪ್ತರಾಗಿ ಕುಳಿತರು.

ಆಮೇಲೆ ಬನ್ನಿ ಹಂಚಿದರು. ಉತ್ತರ ಕರ್ನಾಟಕದವರಿಗೆ ಬನ್ನಿಯಿಲ್ಲದೆ ದಸರಾ ಮುಗಿಯುವುದಿಲ್ಲ. ಬನ್ನಿ ಎಲ್ಲಿಂದ ಬರಬೇಕು? ಮಹೇಶ ಮೆಸ್ಕೀಟ್ ಮರದ ಸೊಪ್ಪು ತಂದಿದ್ದ. ಒಂದೇ ಜಾತಿಯ ಗಿಡವಂತೆ. ದನದ ಮಾಂಸ ಬೇಯಿಸುವ ಕಟ್ಟಿಗೆಯ ಎಲೆಯನ್ನು ಕೈಗಿಟ್ಟು, "ಬನ್ನಿ ತೊಗೊಂಡು ಬಂಗಾರದಂಗ ಇರೂಣ್ರಿ ಆಂಟಿ," ಎಂದು ರೇಖಾ ಕಾಲಿಗೆರಗಿದಳು. ಶಕ್ಕು ಎಲೆಯನ್ನು ಬೆರಳಿನಿಂದ ಸವರಿ, ಮೂಸಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಹಿಲ್‌ಕ್ರಾಫ್ಟ್

ಮಾರನೆಯ ದಿನ ರೇಖಾ ನಮ್ಮನ್ನು ಮಹಾತ್ಮ ಗಾಂಧಿ ಡಿಸ್ಟ್ರಿಕ್ಟ್ ಎಂಬ ಭಾರತೀಯರ ಪೇಟೆಯಲ್ಲಿ ಇಳಿಸಿ ತನ್ನ ಕೆಲಸಕ್ಕೆ ಹೋದಳು. ಹಿಲ್‌ಕ್ರಾಫ್ಟ್ ರಸ್ತೆಯ ಆ ಸಾಲಿನಲ್ಲಿ ಸೀರೆ, ಬೆಳ್ಳಿ, ಬೇಳೆ, ಜಿಲೇಬಿ ಎಲ್ಲ ಸಿಗುತ್ತದೆ, ನಡೆದು ಹೋಗುವ ಜಾಗ ಮಾತ್ರ ಸಿಗುವುದಿಲ್ಲ. ಪಕ್ಕದ ಅಂಗಡಿಗೂ ಕಾರಿನಲ್ಲೇ ಹೋಗುತ್ತಾರೆ.

ಸೀರೆ ಅಂಗಡಿಯಲ್ಲಿ ಒಬ್ಬ ಹುಡುಗಿ ಇಳಕಲ್ ಸೀರೆ ಹರಡಿದಳು. ಶಕ್ಕು ಅದರ ಕಡೆ ನೋಡಲಿಲ್ಲ. ಸೆರಗು ಮೈಗೆ ಸೇರುವ ಜಾಗವನ್ನು ಬೆರಳಿನಿಂದ ಹುಡುಕಿ ಹಿಡಿದಳು. ಇಳಕಲ್ಲಿನ ಕೈಮಗ್ಗದಲ್ಲಿ ಮೈಯ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. "ಕೊಂಡಿ ಇಲ್ಲ ಇದಕ್ಕ. ಮಷಿನ್ನಿಂದು," ಎಂದು ಮಡಚಿ ಕೊಟ್ಟಳು. ಅಂಗಡಿಯವಳು ಲೇಬಲ್ ಓದಿ ಹೌದೆಂದಳು.

ಬೆರಳಿಗೆ ಅಷ್ಟು ಕಾಣುವವಳು ಕಣ್ಣಿಗೆ ಕಾಣದೆ ಪೀಪಾಯಿಗೆ ಗುದ್ದಿದ್ದು ಹೇಗೆ? ಪಕ್ಕದ ಚಹಾ ಅಂಗಡಿಯಲ್ಲಿ ಕೂತ ಮೇಲೆ ಕೇಳಿಯೇಬಿಟ್ಟೆ. "ಶಕ್ಕು, ನಿಂಗೆ ಕಣ್ಣು ಕಾಣಿಸ್ತಾ ಇದ್ಯಾ?"

ಅವಳು ಲೋಟಕ್ಕೆ ಕೈ ಚಾಚಿದಳು. ಮೊದಲು ಮೇಜು ಮುಟ್ಟಿ, ಆಮೇಲೆ ಲೋಟ ಮುಟ್ಟಿದಳು.

"ನೋಡಿದ್ದು ಕಾಣವಲ್ದು ಪದ್ದಿ," ಎಂದಳು. "ನಿನ್ನ ಮುಖ ನೋಡಿದ್ರ ನಡುವ ಮಬ್ಬು. ಪಕ್ಕದ ಗ್ವಾಡಿ ಚಂದ ಕಾಣ್ತದ. ಡಲ್ಲಾಸ್‌ದಾಗ ಕಣ್ಣಿನ ಡಾಕ್ಟರ್ ಕಡೆ ಹೋಗಿದ್ದೆ. ಹೋದದ್ದು ತಿರುಗಿ ಬರೂದಿಲ್ಲ ಅಂದಾರ."

ಯಾರಿಗೂ ಹೇಳಿಲ್ಲವಂತೆ. ಇಲ್ಲಿ ಕಾರು ಬಿಟ್ಟರೆ ಮನೆಯಲ್ಲಿ ಬೀಗ ಹಾಕಿಕೊಂಡ ಹಾಗೆ. ಅದಕ್ಕಿಂತ ಹೆಚ್ಚಾಗಿ, ಆ ಕರಾರಿನ ಮಡಿಕೆ ಬಿಡಿಸಿದ ಮೇಲೆ ಅದನ್ನಿಟ್ಟುಕೊಂಡಿರುವ ಆಸ್ಟಿನ್ನಿನ ಗ್ರಂಥಾಲಯದವರು ಇವಳನ್ನು ಕರೆದು ತೋರಿಸಿದ್ದರು. ಭೂತಗನ್ನಡಿ ಹಿಡಿದು ಬಹಳ ಹೊತ್ತು ಕೂತು, ಹೌದು, ತಾಯಿಯೇ ಎಂದು ಹೇಳಿ ಬಂದಿದ್ದಳು. ಪುಸ್ತಕದಲ್ಲಿ ಅದು ಚುಕ್ಕಿಯಿಲ್ಲದೆ ಹೋಗುವುದಿತ್ತು. ಸಂಪಾದಕಿ, ಅಂದರೆ ಇವಳೇ, ಸ್ವತಃ ಕಣ್ಣಾರೆ ಪರಿಶೀಲಿಸಿದ್ದಾಳೆ ಎಂಬ ಮಾತಿನ ಜೊತೆ. ಮುಂದಿನ ದಿನಗಳಲ್ಲಿ ಕೊನೆಯ ಒಪ್ಪಿಗೆ ಕೊಡಬೇಕಿತ್ತು.

"ಕಂಡಿತ್ತಾ?"

"ಏನಿರಬೇಕು ಅಂತ ಗೊತ್ತಿತ್ತಲ್ಲ."

ನನಗೆ ಸಿಟ್ಟು ಬಂತು. ಕಣ್ಣು ಕಾಣದೆ ಕಾರು ಓಡಿಸಿ ನನ್ನನ್ನೂ ರಸ್ತೆಯವರನ್ನೂ ಸಾಯಿಸುವುದರಲ್ಲಿದ್ದಳೆಂದು ಸಿಟ್ಟು. ಅದನ್ನು ಹೇಳಿಯೂ ಹೇಳಿದೆ. ಇನ್ನು ನೀನು ಓಡಿಸಿದರೆ ನಾನು ಹತ್ತುವುದಿಲ್ಲ ಎಂದೆ. ಅವಳು ಜಿಲೇಬಿ ಮುರಿದು ನನ್ನ ಬಾಯಿಗಿಟ್ಟಳು, ಅರ್ಧ ನನ್ನ ಗಲ್ಲಕ್ಕೆ ತಾಗಿತು. ಸಿಟ್ಟಿನ ಜಾಗದಲ್ಲಿ ದುಃಖ ಬಂತು. ಒಂದು ಅಕ್ಷರಕ್ಕಾಗಿ ತಿಂಗಳುಗಟ್ಟಲೆ ಕೂರುತ್ತಿದ್ದ ಕಣ್ಣುಗಳು ಅವು.

ಆಸ್ಟಿನ್

ಶಕ್ಕುವಿಗೆ ಬೆನ್ನು ನೋವು ಎಂದು ಸುಳ್ಳು ಹೇಳಿ, ಅವಳ ಕಾರನ್ನು ಮಹೇಶನಿಂದ ಆಸ್ಟಿನ್ನಿಗೆ ಡ್ರೈವ್ ಮಾಡಿಸಿದೆವು. ಅವನು ಬಸ್ಸಿನಲ್ಲಿ ವಾಪಸ್ಸು ಹೋಗುತ್ತೇನೆ ಎಂದಾಗ ರೇಖಾ ಅವನು ಕಾಶಿಯಾತ್ರೆಗೆ ಹೊರಟವನಂತೆ ಬುತ್ತಿ ಕಟ್ಟಿ ಕೊಟ್ಟಿದ್ದಳು.

ಆಸ್ಟಿನ್ನಿನಲ್ಲಿ ದಿಣ್ಣೆಗಳಿವೆ, ಮರಗಳಿವೆ, ಜನ ನಡೆಯುತ್ತಾರೆ. ನಾಯಿಗಳಿಗೂ ಹೋಟೆಲಿನಲ್ಲಿ ನೀರಿಡುತ್ತಾರೆ. ನಮ್ಮಲ್ಲೂ ಹೋಟೆಲಿನಲ್ಲಿ ನಾಯಿಗಳಿರುತ್ತವೆ, ನೀರು ಮಾತ್ರ ಅವೇ ಹುಡುಕಿಕೊಳ್ಳಬೇಕು. ನನಗೆ ಊರು ಹಿಡಿಸಿತು, ಮನಸ್ಸು ಮಾತ್ರ ಅಲ್ಲಿರಲಿಲ್ಲ.

ಪಪೈರಸ್ ಇದ್ದ ಗ್ರಂಥಾಲಯದ ಮೇಲ್ವಿಚಾರಕಿ ಮಾರ್ಗರೆಟ್ ನಮ್ಮನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಎರಡು ಗಾಜುಗಳ ನಡುವಿನ ಆ ಹಾಳೆಯನ್ನು ತಂದಿಟ್ಟಳು. ಪಕ್ಕದಲ್ಲಿ ಅಚ್ಚಿನ ಕರಡು. ಶಕ್ಕು ಸಹಿ ಮಾಡಿದರೆ ಮುಗಿಯಿತು. ಮಾರ್ಗರೆಟ್ ನಮ್ಮನ್ನು ಬಿಟ್ಟು ತನ್ನ ಮೇಜಿಗೆ ಹೋದಳು.

ಶಕ್ಕು ಪೆನ್ನು ತೆಗೆದುಕೊಂಡಳು, ಕೆಳಗಿಟ್ಟಳು. ಭೂತಗನ್ನಡಿಯನ್ನು ನನ್ನ ಕಡೆ ತಳ್ಳಿದಳು.

"ನೀ ನೋಡು. ಗ್ರೀಕ್ ಬ್ಯಾಡ. ಕಂಡದ್ದಷ್ಟ ಹೇಳು."

ದೀಪವನ್ನು ಓರೆಯಾಗಿಟ್ಟೆ. ತಾಳೆಗರಿಯನ್ನು ನೋಡುವುದೂ ಹಾಗೆಯೇ. ಮೊದಲು ಸುತ್ತಲಿನ ಅಕ್ಷರಗಳನ್ನು ನೋಡಿದೆ: ಮಸಿ ಎಂದರೆ ಅಲ್ಲಿ ದೀಪದ ಕಾಡಿಗೆ, ನಾರಿನ ಮೇಲೆ ಕೂತಿತ್ತು, ಏರುತಗ್ಗಿಗೆ ಏರಿ ಇಳಿದಿತ್ತು. ಆಮೇಲೆ ಮಡಿಕೆ ಬಿಡಿಸಿದ ಜಾಗಕ್ಕೆ ಬಂದೆ. ಆ ಗೀರು ಇತ್ತು. ಕಪ್ಪಾಗಿ, ನೇರವಾಗಿ. ಆದರೆ ಅದು ನಾರಿನ ಮೇಲೆ ಕೂತಿರಲಿಲ್ಲ, ನಾರಿನ ಒಳಗಿತ್ತು. ನನ್ನ ವೃತ್ತಿಯಲ್ಲಿ ಹುಳದ ದಾರಿಯನ್ನು ಅಕ್ಷರವೆಂದು ಓದಿ ಪೇಚಿಗೆ ಸಿಕ್ಕವರನ್ನು ಬಹಳ ಕಂಡಿದ್ದೇನೆ. 

ಒಂದು ಕ್ಷಣ, ಸುಳ್ಳು ಹೇಳಿಬಿಡೋಣವೇ ಎನಿಸಿತು. ಮಸಿಯೇ ಕಣೇ ಎಂದರೆ ಸಾಕು, ಅವಳ ಕೊನೆಯ ಪುಸ್ತಕ ಅವಳಂದುಕೊಂಡ ಹಾಗೆ ಬರುತ್ತದೆ. ಸೈಪ್ರೆಸ್ಸಿನ ಹೆಂಗಸರ ಕಣ್ಣೀರು ಉಳಿಯುತ್ತದೆ. ನಾನು ಮೈಸೂರಿಗೆ ಹೋಗುತ್ತೇನೆ. ಯಾರು ಕೇಳುತ್ತಾರೆ?

"ಒಂದು ಗೀರಿದೆ," ಎಂದೆ.

"ಎಳಿ ಹಿಡದ ಹೋಗು. ಎಲ್ಲಿಗೆ ಹೋಗ್ತದ?"

ಹೋದೆ. ಅಕ್ಷರವಿರಬೇಕಾದ ಜಾಗ ದಾಟಿತು, ಸಾಲು ದಾಟಿತು, ಬರಹವೇ ಇಲ್ಲದ ಖಾಲಿ ಜಾಗ ದಾಟಿತು.

"ಹಾಳೆಯ ಅಂಚಿನವರೆಗೂ ಹೋಗುತ್ತೆ ಶಕ್ಕು. ನೇರ. ಅದು ಮಸಿಯಲ್ಲ, ಕಪ್ಪಾದ ನಾರು."

"ಮಡಿಕಿ ಒಳಗ?"

"ಮೇಲಿನ ಪದರವೇ ಕಿತ್ತುಹೋಗಿದೆ. ಏನೂ ಇಲ್ಲ."

ಅವಳು ಗಾಜಿನ ಮೇಲೆ ಬೆರಳಿಟ್ಟುಕೊಂಡು ಕೂತಳು. ಗಾಜಿನ ಮೇಲೆ ಬೆರಳಿಗೆ ಏನು ಸಿಕ್ಕೀತು? ಆಮೇಲೆ ಮಾರ್ಗರೆಟ್‌ಳನ್ನು ಕರೆದು, ಇಂಗ್ಲಿಷಿನಲ್ಲಿ, ಸಮಾಧಾನವಾಗಿ ಹೇಳಿದಳು: ನನಗೆ ಕಣ್ಣು ಕಾಣುವುದಿಲ್ಲ. ಹೋದ ಸಲವೂ ಕಂಡಿರಲಿಲ್ಲ. ಇವಳು ನೋಡಿದ್ದಾಳೆ, ಅದು ನಾರು. ನೀನೂ ನೋಡು. ಸರಿಯೆನಿಸಿದರೆ ತಾಯಿಯನ್ನು ತೆಗೆದು ಖಾಲಿ ಕಂಸ ಹಾಕು, ನಾನು ಪರಿಶೀಲಿಸಿದೆ ಎಂಬ ಮಾತನ್ನೂ ತೆಗೆ.

ಮಾರ್ಗರೆಟ್ ಬಗ್ಗಿ ಬಹಳ ಹೊತ್ತು ನೋಡಿದಳು. ತಲೆಯಾಡಿಸಿದಳು. ಶಕ್ಕುವಿನ ಹೆಗಲ ಮೇಲೆ ಕೈಯಿಟ್ಟು ಅಲ್ಲೇ ನಿಂತಳು. ಆ ದೇಶದಲ್ಲಿ ಹೇಗಿದ್ದೀರಿ ಎಂದು ಕೇಳದೆಯೇ ಉತ್ತರಕ್ಕೆ ಕಾದು ನಿಂತವರನ್ನು ಮೊದಲ ಸಲ ಕಂಡೆ.

ಹೊರಗೆ ಓಕ್ ಮರದ ಕೆಳಗಿನ ಬೆಂಚಿನಲ್ಲಿ ಕೂತೆವು. ನಾನು ಸಮಾಧಾನಕ್ಕೆಂದು, "ಕಣ್ಣು ಕೈಕೊಡ್ತು, ನಿನ್ನ ತಪ್ಪೇನೇ?" ಎಂದೆ.

"ಕಣ್ಣಿಂದಲ್ಲ," ಎಂದಳು. "ಮೊದಲ ಸಲ ಓದಿದಾಗ ಕಣ್ಣು ಚಲೋ ಇದ್ವು. ಆ ವರ್ಷ ದಸರಾದಾಗ ಅವ್ವ ಹೋದಳು. ನಾ ಈಜಿಪ್ಟ್‌ದಾಗ ಮರಳ ಸೋಸಾಕತ್ತಿದ್ದೆ. ಸುದ್ದಿ ಮುಟ್ಟೂದ್ರಾಗ ಎಲ್ಲಾ ಮುಗದಿತ್ತು." ಬೆಂಚಿನ ಅಂಚನ್ನು ಬೆರಳಿನಿಂದ ಸವರಿದಳು. "ಆ ಗೀರ ಎಲ್ಲಿ ಹೋಗ್ತದ ಅಂತ ನಾ ನೋಡಲೇ ಇಲ್ಲ ಪದ್ದಿ. ಎಲ್ಲಾದ್ರಾಗೂ ಎಳಿ ಹಿಡದು ಹೋದಾಕಿ, ಅದೊಂದ್ರಾಗ ಹೋಗಲಿಲ್ಲ. ಅಲ್ಲಿ ಅವ್ವ ಬೇಕಾಗಿದ್ಲು."

ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಅತ್ತೆವು. ಹಾದುಹೋಗುತ್ತಿದ್ದ ವಿದ್ಯಾರ್ಥಿಯೊಬ್ಬ ನಿಂತು, ತೊಂದರೆಯಿಲ್ಲವಷ್ಟೆ ಎಂದು ಕೇಳಿ ಹೋದ.

ಸಂಜೆ ಅವಳೇ ರೇಖಾಳಿಗೆ ಫೋನ್ ಮಾಡಿದಳು. ಮೂರ್ತಿಯವರಿಗೆ ತಿಳಿಸು ಎಂದಳು, ಅವರ ಪ್ರಶ್ನೆ ಸರಿಯಿತ್ತು ಎಂದಳು. ಬೆನ್ನುನೋವಿನ ಸುಳ್ಳನ್ನೂ ಬಿಚ್ಚಿಟ್ಟಳು. "ಕಾರು ಇನ್ನ ನನಗ ಬ್ಯಾಡ. ಮಹೇಶಗ ಬಂದು ಒಯ್ಯಾಕ ಹೇಳು." ಆ ಕಡೆಯಿಂದ ರೇಖಾ ಏನು ಹೇಳಿದಳೋ, ಶಕ್ಕು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, "ಹೌದವಾ, ಆ ಹುಡುಗಿ ಹಬ್ಬಕ್ಕ ಎಲ್ಲಿ ಹೋದ್ಲೋ ಗೊತ್ತಿಲ್ಲ. ಖರೇನ ಗೊತ್ತಿಲ್ಲ," ಎಂದು ಇಟ್ಟಳು.

ಹೊರಡುವ ದಿನ

ಆಸ್ಟಿನ್ನಿನಿಂದಲೇ ನನ್ನ ವಿಮಾನ. ಟ್ಯಾಕ್ಸಿಯಲ್ಲಿ ಶಕ್ಕು ನನ್ನ ಪಕ್ಕ ಕೂತಳು. ಇಷ್ಟು ವರ್ಷದಲ್ಲಿ ಈ ರಸ್ತೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತದ್ದು ಇದೇ ಮೊದಲಂತೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡ ಒಣಗಿದ ಬನ್ನಿ ಇನ್ನೂ ಇತ್ತು, ಅಂದರೆ ಮೆಸ್ಕೀಟ್.

"ಬೋರ್ಡ ಓದು," ಎಂದಳು.

ಓದಿದೆ. ಎಡಕ್ಕೆ ನದಿ. ಬಲಕ್ಕೆ ಆಸ್ಪತ್ರೆ. ನೇರ ವಿಮಾನ ನಿಲ್ದಾಣ. ಅವಳು ಪ್ರತಿಯೊಂದಕ್ಕೂ ಹೂಂ ಎನ್ನುತ್ತಿದ್ದಳು.

"ಈಗ ಬಂದದ್ದು?"

"ಮರ ಅಡ್ಡ ಇತ್ತು. ಕಾಣಿಸ್ಲಿಲ್ಲ."

ಆ ರಸ್ತೆ ಅವಳಿಗೆ ಬಾಯಿಪಾಠ. ಅಲ್ಲೇನು ಬರೆದಿದೆಯೆಂದು ಹೇಳಲು ಬಾಯಿ ತೆರೆದಳು, ನಾನು ಕಾದೆ. ಅವಳು ಬಾಯಿ ಮುಚ್ಚಿದಳು.

"ಕಾಣದಿದ್ರ ಬಿಡು," ಎಂದಳು. "ಮುಂದಿಂದು ಓದು."